ಏಳು ಆಸ್ಪತ್ರೆಗಳ ಲೆಕ್ಕದಲ್ಲಿ ರೋಣದ ಮಗು ಎಲ್ಲಿದೆ?

ಭಾರತದ ಮಕ್ಕಳಲ್ಲಿ ಯಾವ ಬಗೆಯ ಮೆದುಳು ಗಡ್ಡೆ ಎಷ್ಟು ಎಂದು ಹುಡುಕಿ ಹೊರಟವರು 2011ರಲ್ಲಿ ‘ನ್ಯೂರಾಲಜಿ ಇಂಡಿಯಾ’ದಲ್ಲಿ ಬಂದ ಒಂದು ಪುಟ್ಟ ಪ್ರಬಂಧವನ್ನು ನೋಡಲೇಬೇಕು. ಆಯುಷಿ ಜೈನ್ ಮೊದಲ ಲೇಖಕಿ. ದೆಹಲಿ ಏಮ್ಸ್‌ನ ಚಿತ್ರಾ ಸರ್ಕಾರ್, ನಮ್ಮ ನಿಮ್ಹಾನ್ಸ್‌ನ ವಾಣಿ ಸಂತೋಷ್ ಮೊದಲಾದವರು ಜೊತೆಗಿದ್ದಾರೆ. ಏಳು ದೊಡ್ಡ ಆಸ್ಪತ್ರೆಗಳ, 18 ವರ್ಷದೊಳಗಿನ 3,936 ಮಕ್ಕಳ ಲೆಕ್ಕ ಅದರಲ್ಲಿದೆ.

ಅದಕ್ಕೂ ಮೊದಲು ಒಂದೊಂದು ಆಸ್ಪತ್ರೆ ತನ್ನ ರೋಗಿಗಳ ಕಥೆಯನ್ನಷ್ಟೇ ಹೇಳುತ್ತಿತ್ತು. ಎಲ್ಲವನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಒಂದೇ ವರ್ಗೀಕರಣದಡಿ ತಂದದ್ದು ದೊಡ್ಡ ಕೆಲಸ. ಆಸ್ಟ್ರೋಸೈಟಿಕ್ ಗಡ್ಡೆಗಳು ಶೇ 34.7. ಮೆಡುಲ್ಲೊಬ್ಲಾಸ್ಟೋಮಾ ಮತ್ತು ‘ಪಿಎನ್‌ಇಟಿ’ (ಎಳೆಯ ನರಕೋಶಗಳಂಥ ಕೋಶಗಳ ಗಡ್ಡೆ) ಸೇರಿ ಶೇ 22.4. ಈ ಎರಡನ್ನು ಕೂಡಿಸಿದ್ದು ಇಂದು ಹಳತಾಗಿದೆ, 2016ರ ವರ್ಗೀಕರಣ ಪಿಎನ್‌ಇಟಿ ಎಂಬ ಹೆಸರನ್ನೇ ಕೈಬಿಟ್ಟಿತು. ಅದು ಲೇಖಕರ ಲೋಪವಲ್ಲ.

ನನ್ನ ತಕರಾರು ಬೇರೆ. ಕ್ರೇನಿಯೋಫಾರಿಂಜಿಯೋಮಾ ಶೇ 10.2 ಇದೆ, ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚು ಎನ್ನುತ್ತದೆ ಪ್ರಬಂಧ. ನಮ್ಮ ಮಕ್ಕಳಿಗೆ ಅದು ಹೆಚ್ಚು ಬರುತ್ತದೆಯೇ? ನನಗೆ ಅನುಮಾನ. ಅದು ನಿಧಾನವಾಗಿ ಬೆಳೆಯುವ ಗಡ್ಡೆ. ಕಣ್ಣು ಮಂಜಾಗಿ, ಬೆಳವಣಿಗೆ ಕುಂಠಿತವಾದ ಮಗು ತಡವಾಗಿಯಾದರೂ ದೊಡ್ಡಾಸ್ಪತ್ರೆ ಮುಟ್ಟುತ್ತದೆ. ಕಿರುಮೆದುಳಿನಲ್ಲಿ ವಾರಗಳಲ್ಲೇ ಉಬ್ಬುವ ಮೆಡುಲ್ಲೊಬ್ಲಾಸ್ಟೋಮಾ ಅಷ್ಟು ಪುರುಸೊತ್ತು ಕೊಡುವುದಿಲ್ಲ. ಮೆದುಳಕಾಂಡದೊಳಗೆ ಹಬ್ಬುವ ಗ್ಲಯೋಮಾವನ್ನಂತೂ ಆಗ ಹೆಚ್ಚಾಗಿ ಎಂಆರ್‌ಐ ನೋಡಿಯೇ ನಿರ್ಧರಿಸುತ್ತಿದ್ದರು. ಚೂರು ತೆಗೆದು ಸೂಕ್ಷ್ಮದರ್ಶಕದಡಿ ಇಡದಿದ್ದರೆ ಇಂಥ ಲೆಕ್ಕಕ್ಕೆ ಅದು ಸಿಗುವುದು ಕಷ್ಟ. ಹಾಗಾಗಿ ಈ ಅಂಕಿಗಳು ಕಾಯಿಲೆ ಬಿದ್ದವರದಲ್ಲ, ಬಂದು ತಲುಪಿದವರದು.

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ಓದಿದರೆ ಈ ವ್ಯತ್ಯಾಸ ಎದೆಗೆ ನಾಟುತ್ತದೆ. ಇಲ್ಲಿ ಮಗುವಿನ ತಲೆಬುರುಡೆ ತೆರೆದು ಗಡ್ಡೆ ತೆಗೆಯುವ ಆಸ್ಪತ್ರೆಯಿಲ್ಲ. ಗದಗ, ಆಮೇಲೆ ಹುಬ್ಬಳ್ಳಿ, ಅಲ್ಲೂ ಆಗದಿದ್ದರೆ ಸುಮಾರು 400 ಕಿ.ಮೀ. ದೂರದ ಬೆಂಗಳೂರು. ಆದರೆ ಹೆಚ್ಚು ದಿನ ಕಳೆಯುವುದು ದಾರಿಯಲ್ಲಲ್ಲ, ಮನೆಯಲ್ಲಿ. ಬೆಳಿಗ್ಗೆ ಎದ್ದೊಡನೆ ಮಗು ತಲೆ ಹಿಡಿದುಕೊಂಡು ವಾಂತಿ ಮಾಡುತ್ತದೆ. ವಾಂತಿಯಾದ ಮೇಲೆ ನೋವು ಇಳಿದು ಸಾಲಿಗೂ ಹೋಗುತ್ತದೆ. ‘ಪಿತ್ತ ಆಗೇತಿ’, ‘ಜಂತು ಇರಬೇಕು’, ‘ದೃಷ್ಟಿ ಆಗೇತಿ’. ಹೀಗೆ ಅಂದುಕೊಂಡ ತಾಯಿಯನ್ನು ಹೇಗೆ ದೂರುವುದು? ಸಂಜೆ ಮಗು ಆಡುತ್ತಿರುತ್ತದೆ. ನಡೆಯುವಾಗ ಓಲಾಡತೊಡಗಿದಾಗ, ಕಣ್ಣು ಮೆಳ್ಳಗಾದಾಗ ಗಾಬರಿಯಾಗುತ್ತದೆ. ಅಷ್ಟರಲ್ಲಿ ಮೆದುಳಿನ ನೀರು ಕಟ್ಟಿಕೊಂಡಿರುತ್ತದೆ.

ಪ್ರಬಂಧದಲ್ಲಿ ನಾನು ಹುಡುಕಿ ನಿರಾಶನಾದದ್ದು ಇದಕ್ಕೇ: ಮೊದಲ ವಾಂತಿಯಿಂದ ಸ್ಕ್ಯಾನಿಗೆ ಎಷ್ಟು ವಾರ? ಅದೇ 2011ರಲ್ಲಿ ಬ್ರಿಟನ್ ‘ಹೆಡ್‌ಸ್ಮಾರ್ಟ್’ ಅಭಿಯಾನ ಶುರುಮಾಡಿತು. ಲಕ್ಷಣಗಳನ್ನು ಪಾಲಕರಿಗೂ ವೈದ್ಯರಿಗೂ ತಿಳಿಹೇಳುವುದೇ ಅದರ ಕೆಲಸ. ಹಿಂದೆ 14 ವಾರ ದಾಟುತ್ತಿದ್ದ ವಿಳಂಬ 7 ವಾರಕ್ಕಿಂತ ಕೆಳಗಿಳಿಯಿತು. ವಿಳಂಬವನ್ನು ಅಳೆದಿದ್ದರಿಂದಲೇ ಅದು ಇಳಿದದ್ದು ಅವರಿಗೆ ಗೊತ್ತಾಯಿತು.

ಯಾವ ಆಸ್ಪತ್ರೆಗೆ ಹೋದರೂ ಚೀಟಿ ಮಾಡಿಸುವಾಗ ಊರು, ತಾಲ್ಲೂಕು ಬರೆಸುತ್ತಾರೆ. ಲಕ್ಷಣ ಎಂದಿನಿಂದ ಎಂದು ವೈದ್ಯರು ಕೇಳಿ ಕೇಸ್ ಶೀಟಿನಲ್ಲಿ ಗುರುತು ಹಾಕಿರುತ್ತಾರೆ. ಗಡ್ಡೆಯ ಹೆಸರಿನ ಪಕ್ಕದಲ್ಲಿ ಈ ಎರಡೂ ವಿವರ ಸೇರಿಸಿ ಹೊಸ ಲೆಕ್ಕ ತೆಗೆಯುವ ಕೆಲಸವನ್ನು ನಿಮ್ಹಾನ್ಸ್, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಕೂಡಿ ಈಗಲೇ ಶುರುಮಾಡಬಹುದು.