ಕನಿಷ್ಠವು ಗರಿಷ್ಠವಾದ ಬಗೆ: ವಿಶೇಷ ಅಗತ್ಯದ ಮಕ್ಕಳ ಬೇಸಿಗೆ ಶಿಕ್ಷಣವನ್ನು ಕುರಿತು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಬೇಸಿಗೆಯ ರಜೆಯಲ್ಲಿಯೂ ಸಾರ್ವಜನಿಕ ವೆಚ್ಚದಿಂದಲೇ ಶಿಕ್ಷಣ ದೊರೆಯುವ ಏರ್ಪಾಡೊಂದುಂಟು. ಅದಕ್ಕೆ 'ವಿಸ್ತೃತ ಶಾಲಾವರ್ಷ'ವೆಂದು ಹೆಸರು. ಇದನ್ನು ಇನ್ನೂ ಹೆಚ್ಚು ಮಕ್ಕಳಿಗೆ ವಿಸ್ತರಿಸಬೇಕೆಂಬ ವಾದದ ಗುರಿಯನ್ನು ನಾವು ಒಪ್ಪುತ್ತೇವೆ. ಆದರೆ ಆ ವಾದಕ್ಕೆ ಸಾಮಾನ್ಯವಾಗಿ ಕೊಡುವ ಆಧಾರವು ದುರ್ಬಲವಾದುದೆಂದು ನಮ್ಮ ಅಭಿಪ್ರಾಯ.

ಮೊದಲು ರಜೆಯ ವಿಚಾರ. ಹೊಲಗೆಲಸಕ್ಕೆ ಮಕ್ಕಳು ಬೇಕಾಗಿದ್ದುದರಿಂದ ಬೇಸಿಗೆಯ ರಜೆ ಹುಟ್ಟಿತೆಂಬ ಮಾತು ಅಲ್ಲಿ ಜನಜನಿತವಾಗಿದೆ. ಕೆನೆತ್ ಗೋಲ್ಡ್ ಅವರು 2002ರಲ್ಲಿ ಪ್ರಕಟಿಸಿದ ಗ್ರಂಥವು ಈ ನಂಬಿಕೆಯನ್ನು ಸಪ್ರಮಾಣವಾಗಿ ಅಲ್ಲಗಳೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹಳ್ಳಿಯ ಶಾಲೆಗಳು ಚಳಿಗಾಲದಲ್ಲಿಯೂ ಬೇಸಿಗೆಯಲ್ಲಿಯೂ ನಡೆಯುತ್ತಿದ್ದುವು. ಬಿತ್ತನೆ, ಕೊಯಿಲುಗಳ ಕಾಲದಲ್ಲಿ ಮುಚ್ಚುತ್ತಿದ್ದುವು. ದೊಡ್ಡ ಪಟ್ಟಣಗಳಲ್ಲಂತೂ ವರ್ಷದ ಬಹುಭಾಗ ಪಾಠವಿತ್ತು. ಎಡೆಬಿಡದ ಅಭ್ಯಾಸದಿಂದ ಎಳೆಯ ಮೆದುಳು ಬಳಲುವುದೆಂಬ ಅಂದಿನ ಸುಧಾರಕರ ಭೀತಿಯು ದೀರ್ಘರಜೆಯನ್ನು ರೂಢಿಗೆ ತಂದ ಮುಖ್ಯ ಕಾರಣಗಳಲ್ಲೊಂದು. ಎಂದರೆ, ಈ ರಜೆಯು ಋತುಧರ್ಮವಲ್ಲ, ಒಂದು ಶಿಕ್ಷಣ ಸಿದ್ಧಾಂತದ ಫಲ. ಆ ಸಿದ್ಧಾಂತವು ಕಣ್ಣ ಮುಂದಿಟ್ಟುಕೊಂಡುದು ಸಾಮಾನ್ಯ ಬಾಲಕನನ್ನು. ಬಿಡುವಿನಿಂದಲೇ ಹಾನಿಗೊಳ್ಳುವ ಬಾಲಕನು ಆಗ ಬಹುಮಟ್ಟಿಗೆ ಶಾಲೆಯ ಹೊರಗಿದ್ದನು.

1975ರ ಕಾಯಿದೆಯು ಅವನನ್ನು ಒಳಕ್ಕೆ ಕರೆತಂದಿತು. ಅಂಥ ಪ್ರತಿಯೊಂದು ಮಗುವಿಗೂ ಅದರ ಅಗತ್ಯಕ್ಕೆ ಒಪ್ಪುವ ಶಿಕ್ಷಣವನ್ನು ಉಚಿತವಾಗಿ ಕೊಡಬೇಕೆಂದೂ, ಅದಕ್ಕಾಗಿ ವ್ಯಕ್ತಿಗತ ಯೋಜನೆಯೊಂದನ್ನು ಬರೆದಿಡಬೇಕೆಂದೂ ವಿಧಿಸಿತು. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಈ ವಿಧಿಗೂ ಹಳೆಯ ಪದ್ಧತಿಗೂ ಘರ್ಷಣೆಯಾಯಿತು. ವರ್ಷಕ್ಕೆ ಕನಿಷ್ಠ 180 ದಿನ ಪಾಠ ನಡೆಯಬೇಕೆಂಬುದು ಅಂದು ಅಲ್ಲಿಯ ಶಾಲಾಸಂಹಿತೆಯ ಮಾತಾಗಿತ್ತು. ಆಡಳಿತದ ಕೈಯಲ್ಲಿ ಈ ಕನಿಷ್ಠವೇ ಗರಿಷ್ಠವಾಗಿ, 180ನ್ನು ಮೀರಿದ ಶಿಕ್ಷಣಕ್ಕೆ ಹಣವಿಲ್ಲವೆಂಬ ನಿಯಮವಾಯಿತು. (ನಮ್ಮ 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯಲ್ಲಿ ಹೇಳಿರುವ 200 ಮತ್ತು 220 ದಿನಗಳೂ ಕನಿಷ್ಠವೇ ಎಂಬುದನ್ನು ಇಲ್ಲಿ ನೆನೆಯಬಹುದು.) ತೀವ್ರ ಬುದ್ಧಿವೈಕಲ್ಯವುಳ್ಳ ಮತ್ತು ತೀವ್ರ ಭಾವಕ್ಷೋಭೆಗೆ ಒಳಗಾದ ಮಕ್ಕಳ ಪರವಾಗಿ ವ್ಯಾಜ್ಯಗಳು ಹೂಡಲ್ಪಟ್ಟುವು.

1979ರಲ್ಲಿ ಜಿಲ್ಲಾ ನ್ಯಾಯಾಧೀಶ ನ್ಯೂಕಮರರು ಈ ನಿಯಮವು ಕಾಯಿದೆಗೆ ವಿರುದ್ಧವೆಂದು ತೀರ್ಮಾನಿಸಿದರು. ಮಗುವನ್ನು ಸಾಧ್ಯವಾದಷ್ಟು ಸ್ವಾವಲಂಬಿಯನ್ನಾಗಿ ಮಾಡುವುದೇ ಕಾಯಿದೆಯ ಉದ್ದೇಶ. ದೀರ್ಘರಜೆಯಲ್ಲಿ ಕಲಿತುದು ಅಳಿದು, ಅದನ್ನು ಮರಳಿ ಗಳಿಸಲು ತಿಂಗಳುಗಳೇ ಹಿಡಿದರೆ ಆ ಉದ್ದೇಶ ಕೆಡುತ್ತದೆ ಎಂಬುದು ಅವರ ತರ್ಕ. 1980ರಲ್ಲಿ ಮೇಲ್ಮನವಿ ನ್ಯಾಯಾಲಯವು ತೀರ್ಮಾನವನ್ನು ಎತ್ತಿಹಿಡಿದರೂ ತರ್ಕವನ್ನು ಬದಲಿಸಿತು. ಸ್ವಾವಲಂಬನೆಯೆಂಬ ಒಂದೇ ಗುರಿಯನ್ನು ಕಾಯಿದೆ ವಿಧಿಸಿಲ್ಲ. ಮಕ್ಕಳನ್ನು ಒಬ್ಬೊಬ್ಬರಾಗಿ ನೋಡಬೇಕೆಂದು ಕಾಯಿದೆ ಹೇಳುವಾಗ, ಎಲ್ಲರಿಗೂ ಒಂದೇ ಸಂಖ್ಯೆಯ ಕಟ್ಟಳೆ ಹಾಕುವುದೇ ದೋಷವೆಂದಿತು. ಎರಡನೆಯ ತರ್ಕವೇ ಹೆಚ್ಚು ವ್ಯಾಪಕವಾದುದು. ಆದರೆ ಆಡಳಿತ ವ್ಯವಹಾರದಲ್ಲಿ ಬಲವಾಗಿ ಉಳಿದುಕೊಂಡುದು ಮೊದಲನೆಯದರ ಒಂದು ಎಳೆ ಮಾತ್ರ: ರಜೆಯಲ್ಲಿ ಮಗು ಎಷ್ಟು ಮರೆಯಿತು, ಮರಳಿ ಕಲಿಯಲು ಎಷ್ಟು ಕಾಲ ಹಿಡಿಯಿತು ಎಂಬ ಅಳತೆ.

ಈ ಅಳತೆಗೋಲನ್ನು ನಾವು ಒಪ್ಪಲಾರೆವು. ಮೊದಲು ನಷ್ಟವಾಗಲಿ, ಆಮೇಲೆ ಹಕ್ಕು ಎಂಬ ನೀತಿಗೆ ಇದು ಎಡೆಗೊಡುತ್ತದೆ. ತಾಯಿಯೊಬ್ಬಳು ಬೇಸಿಗೆಯೆಲ್ಲ ಮಗುವಿನ ಜೊತೆ ಕುಳಿತು ಪಾಠವನ್ನು ಉಳಿಸಿಕೊಂಡಳೆನ್ನೋಣ. ಅವಳ ಶ್ರಮವೇ ಮಗುವಿಗೆ ಪ್ರತಿಕೂಲ ಸಾಕ್ಷ್ಯವಾಗುತ್ತದೆ. ವರ್ಷವೆಲ್ಲ ಕಲಿತುದು ಅತ್ಯಲ್ಪವಾದ ಮಗುವಿಗೆ ಕಳೆದುಕೊಳ್ಳುವುದಕ್ಕೂ ಏನೂ ಇರುವುದಿಲ್ಲ; ಹಾಗೆಂದು ಅದಕ್ಕೆ ಅಗತ್ಯವಿಲ್ಲವೆನ್ನಬಹುದೆ? ಈಗತಾನೇ ಅಕ್ಷರಗಳನ್ನು ಕೂಡಿಸಿ ಓದತೊಡಗಿದ ಮಗು ಆ ಹೊತ್ತಿನಲ್ಲಿ ನಿಂತುಹೋದರೆ, ಆದ ಹಾನಿ ಮರೆವಿನ ಲೆಕ್ಕಕ್ಕೆ ಸಿಕ್ಕುವುದೇ ಇಲ್ಲ.

ನ್ಯಾಯಾಲಯಗಳಿಗೆ ಇದು ಹೊಳೆಯಲಿಲ್ಲವೆಂದಲ್ಲ. ಓಕ್ಲಹೋಮದ ಬಿಕ್ಸ್‌ಬಿ ಶಾಲಾಜಿಲ್ಲೆಯ ಮೊಕದ್ದಮೆಯಲ್ಲಿ, 1990ರಲ್ಲಿ, ಮರೆವೊಂದೇ ಮಾನದಂಡವಲ್ಲವೆಂದು ತೀರ್ಪಾಯಿತು. 1999ರ ಕೇಂದ್ರ ನಿಯಮಾವಳಿಯು ಈ ಸೇವೆಯನ್ನು ಕೆಲವು ಬಗೆಯ ವೈಕಲ್ಯಗಳಿಗೆ ಮಾತ್ರ ಸೀಮಿತಗೊಳಿಸಬಾರದೆಂದಿತು. 2017ರ ಎಂಡ್ರೂ ಮೊಕದ್ದಮೆ ಬೇಸಿಗೆಗೆ ಸಂಬಂಧಿಸಿದುದಲ್ಲ. ಆದರೂ ಮಗುವಿನ ಪರಿಸ್ಥಿತಿಗೆ ತಕ್ಕ ಪ್ರಗತಿಯನ್ನು ಶಿಕ್ಷಣ ಯೋಜನೆಯ ಅಳತೆಯಾಗಿ ಸರ್ವೋಚ್ಚ ನ್ಯಾಯಾಲಯವು ಅಲ್ಲಿ ಒಪ್ಪಿತು. ಬೇಸಿಗೆಯ ವಾದಕ್ಕೆ ಬೇಕಾದ ಆಧಾರವು ಇದೇ, ನಷ್ಟವಲ್ಲ.

ಎಳೆಯರಿಗೆ ವಿರಾಮ ಬೇಡವೇ ಎಂಬ ಆಕ್ಷೇಪವುಂಟು. ಬೇಕು, ಎಷ್ಟು ಬೇಕೆಂಬುದನ್ನೂ ಮಗುವನ್ನು ನೋಡಿಯೇ ನಿರ್ಣಯಿಸಬೇಕು. ವೆಚ್ಚದ ಆಕ್ಷೇಪ ಇದಕ್ಕಿಂತ ಭಾರವಾದುದು. 2021ರ ಪರಿಹಾರ ಶಾಸನವು ರಾಜ್ಯಗಳಿಗೆ ಬಂದ ಶಾಲಾನಿಧಿಯಲ್ಲಿ ಶೇಕಡ 1ನ್ನು ಬೇಸಿಗೆಯ ಕಾರ್ಯಕ್ರಮಗಳಿಗೆ ಮೀಸಲಿಡಬೇಕೆಂದಿತು. ಆ ನಿಧಿಯನ್ನು ವಿನಿಯೋಗಕ್ಕೆ ಗೊತ್ತುಪಡಿಸುವ ಅವಧಿ 2024ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಇಂಥ ಅನುದಾನದ ಬೇಸಿಗೆ ಶಾಲೆಯನ್ನು ಹಣ ತೀರಿದೊಡನೆ ಮುಚ್ಚಬಹುದು. ವ್ಯಕ್ತಿಗತ ಯೋಜನೆಯಲ್ಲಿ ಬರೆದ ಬೇಸಿಗೆ ಪಾಠವನ್ನು, ನಿಧಿ ಇಲ್ಲವೆಂಬ ಒಂದೇ ಕಾರಣದಿಂದ, ಶಾಲಾಜಿಲ್ಲೆ ನಿಲ್ಲಿಸಲಾಗದು.