ಎಂಟು ಸೀಸನ್‌ಗಳ ಮಾಯಾ ಮೂರ್

ಮಾಯಾ ಮೂರ್ ಬಗ್ಗೆ ಬರೆಯುವವರೆಲ್ಲ ಅವರು ಆಟ ಬಿಟ್ಟ ಕಥೆಯಿಂದಲೇ ಶುರುಮಾಡುತ್ತಾರೆ. ಅಮೆರಿಕದ ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗ್ ಡಬ್ಲ್ಯುಎನ್‌ಬಿಎಯ ತಾರೆ, 2019ರಲ್ಲಿ, 29ನೇ ವಯಸ್ಸಿಗೇ ಅಂಗಳದಿಂದ ಹೊರನಡೆದರು. ಮಿಸೌರಿಯ ಜೈಲಿನಲ್ಲಿ 50 ವರ್ಷಗಳ ಶಿಕ್ಷೆ ಅನುಭವಿಸುತ್ತಿದ್ದ ಜೊನಾಥನ್ ಐರನ್ಸ್ ಪರವಾಗಿ ಹೋರಾಡಿದರು. 2020ರಲ್ಲಿ ಕೋರ್ಟು ಆತನ ಶಿಕ್ಷೆಯ ತೀರ್ಪನ್ನು ರದ್ದುಮಾಡಿತು, ಆತ ಬಿಡುಗಡೆಯಾದ, ಇಬ್ಬರೂ ಮದುವೆಯಾದರು. ಸಿನಿಮಾಕ್ಕೆ ಬೇಕಾದ್ದೆಲ್ಲ ಇದರಲ್ಲಿದೆ. ತೊಂದರೆ ಏನೆಂದರೆ, ಈ ತ್ಯಾಗದ ಕಥೆ ಆಟಗಾರ್ತಿಯನ್ನೇ ನುಂಗಿಹಾಕಿದೆ.

ಆಟ ಹೇಗಿತ್ತು? 2015ರ ಫೈನಲ್ಸ್‌ನ ಮೂರನೇ ಪಂದ್ಯ ನೋಡಬೇಕು. ಮೂರ್ ಅವರ ತಂಡ ಮಿನೆಸೋಟ ಲಿಂಕ್ಸ್ ಮತ್ತು ಎದುರಾಳಿ ಇಂಡಿಯಾನ ಫೀವರ್ 77–77ರಲ್ಲಿ ಸಮ. ಉಳಿದದ್ದು 1.7 ಸೆಕೆಂಡು. ಪಾಸು ಹಿಡಿದ ಮೂರ್ ಎಸೆಯುವವರ ಹಾಗೆ ಚೆಂಡೆತ್ತಿದರು. ತಡೆಯಲು ನುಗ್ಗಿದ ಎದುರಾಳಿ ಹಾರಿ ಆಚೆ ಹೋದರು. ಆಮೇಲೆ ಒಂದೇ ಒಂದು ಡ್ರಿಬಲ್, ಮೂರಂಕದ ಎಸೆತ, 80–77. ಅಷ್ಟು ಕಡಿಮೆ ಸಮಯದಲ್ಲಿ ಯಾರೇ ಆದರೂ ಸಿಕ್ಕ ಚೆಂಡನ್ನು ಸಿಕ್ಕ ಹಾಗೆ ಎಸೆದುಬಿಡುತ್ತಾರೆ. ಒಂದು ಸುಳ್ಳು ಹೇಳಿ, ಎದುರಿನವರು ಅದನ್ನು ನಂಬುವ ತನಕ ಕಾಯುವಷ್ಟು ವ್ಯವಧಾನ ಇವರಿಗಿತ್ತು. ನನ್ನ ಮಟ್ಟಿಗೆ ಮೂರ್ ಅಂದರೆ ಇದು. ಅಂಗಳದಲ್ಲಿ ಚೆಂಡು ಇನ್ನೊಬ್ಬರ ಕೈಯಲ್ಲಿದ್ದಾಗಲೇ ಅವರ ಅರ್ಧ ಕೆಲಸ ಮುಗಿದಿರುತ್ತಿತ್ತು. ಸಹ ಆಟಗಾರ್ತಿಯ ಮರೆಯಲ್ಲಿ ಸುತ್ತಿ ಬಂದು, ಖಾಲಿ ಜಾಗದಲ್ಲಿ ನಿಂತಿರುತ್ತಿದ್ದರು.

ಆಕ್ಷೇಪಕ್ಕೂ ಎಡೆಯಿದೆ. ಅವರು ಸೋಲುವ ತಂಡದಲ್ಲಿ ಆಡಿದವರೇ ಅಲ್ಲ. ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ 150 ಗೆಲುವು, 4 ಸೋಲು. ಲಿಂಕ್ಸ್‌ನಲ್ಲಿ ಸಿಮೋನ್ ಆಗಸ್ಟಸ್, ಲಿಂಡ್ಸೆ ವೇಲನ್, ರೆಬೆಕಾ ಬ್ರನ್ಸನ್, ಆಮೇಲೆ ಸಿಲ್ವಿಯಾ ಫೌಲ್ಸ್. ಇಂಥವರ ನಡುವೆ ಖಾಲಿ ಜಾಗ ಸಿಗುವುದು ಸುಲಭ ಅನ್ನಬಹುದು. ಅನ್ನಲಿ. 2014ರಲ್ಲಿ ಪಂದ್ಯಕ್ಕೆ ಸರಾಸರಿ 23.9 ಅಂಕ ಗಳಿಸಿ ಲೀಗಿನ ಅತ್ಯಮೂಲ್ಯ ಆಟಗಾರ್ತಿ (ಎಂವಿಪಿ) ಆದ ವರ್ಷವನ್ನು ಈ ವಾದ ವಿವರಿಸಲಾರದು.

ಇನ್ನು ಅವರು ಆಟ ಬಿಟ್ಟುಹೋದ ವಿಷಯ. ಬೇಸಿಗೆಯ ಡಬ್ಲ್ಯುಎನ್‌ಬಿಎ ಮುಗಿದರೆ ಚಳಿಗಾಲಕ್ಕೆ ವಿದೇಶಿ ಕ್ಲಬ್ಬು: ಸ್ಪೇನಿನ ವೆಲೆನ್ಸಿಯಾ, ಚೀನಾದ ಶಾಂಶಿ, ರಷ್ಯಾದ ಎಕಟೆರಿನ್‌ಬರ್ಗ್. ನಡುವೆ 2012, 2016ರ ಒಲಿಂಪಿಕ್ ಚಿನ್ನ. ಆಟಗಾರ್ತಿಯರಿಗೆ ದೊಡ್ಡ ದುಡ್ಡು ಸಿಗುತ್ತಿದ್ದದ್ದು ಸ್ವಂತ ದೇಶದಲ್ಲಲ್ಲ, ಹೊರಗೆ. ಹಾಗಾಗಿ ವರ್ಷಕ್ಕೆ ಎರಡು ಸೀಸನ್ ದುಡಿಮೆ. 2019ರ ಪ್ರಕಟಣೆಯಲ್ಲಿ ಮೂರ್ ಹೇಳಿದ್ದು ಕುಟುಂಬಕ್ಕೆ, ಧರ್ಮಸೇವೆಗೆ ಸಮಯ ಬೇಕೆಂದು. ಹೋರಾಟದ ಕಥೆಯನ್ನೇ ಒಂಟಿ ಕಾರಣವಾಗಿ ಎತ್ತಿ ಹಿಡಿದವರು ಈ ದಣಿವಿನ ಲೆಕ್ಕವನ್ನು ಮರೆತರು, ಅದು ಲೀಗಿಗೂ ಅನುಕೂಲವೇ ಆಯಿತು. ನ್ಯಾಯದ ಕಾಳಜಿ ದಿಢೀರನೆ ಹುಟ್ಟಿದ್ದೂ ಅಲ್ಲ. 2016ರ ಜುಲೈನಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಕಪ್ಪು ಜನರಿಗಾಗಿ ಲಿಂಕ್ಸ್ ತಂಡ ಕಪ್ಪು ಟೀ ಶರ್ಟು ತೊಟ್ಟಾಗ ಮುಂದೆ ನಿಂತವರಲ್ಲಿ ಅವರೂ ಒಬ್ಬರು. ಅಂಗಳದ ಭದ್ರತೆಗಿದ್ದ ನಾಲ್ವರು ಪೊಲೀಸರು ಅದನ್ನು ವಿರೋಧಿಸಿ ಎದ್ದುಹೋದರು.

ಇನ್ನೂ ಆಡಿದ್ದರೆ ಏನಾಗುತ್ತಿತ್ತೋ ಎಂಬ ಹಳಹಳಿಕೆ ನನಗೆ ರುಚಿಸದು. ಎಂಟು ಸೀಸನ್, ಆರು ಫೈನಲ್, ನಾಲ್ಕು ಪ್ರಶಸ್ತಿ. 2023ರಲ್ಲಿ ಅಧಿಕೃತ ನಿವೃತ್ತಿ, 2025ರಲ್ಲಿ ಹಾಲ್ ಆಫ್ ಫೇಮ್. ಪಕ್ಕಕ್ಕೆ ಲೀಗಿನ ಇನ್ನೊಬ್ಬ ತಾರೆ ಡಯಾನಾ ಟೊರಾಸಿಯವರನ್ನು ಇಟ್ಟು ನೋಡಿ: 20 ಸೀಸನ್, ಮೂರು ಪ್ರಶಸ್ತಿ. ಅಷ್ಟು ದೀರ್ಘಕಾಲ ಆಡಿದ ಟೊರಾಸಿಯೂ 2015ರಲ್ಲಿ ಒಂದು ಇಡೀ ಡಬ್ಲ್ಯುಎನ್‌ಬಿಎ ಸೀಸನ್ ಬಿಟ್ಟು ಕೂತಿದ್ದರು. ವಿಶ್ರಾಂತಿ ತೆಗೆದುಕೊಳ್ಳಿ ಎಂದು, ಆ ಲೀಗಿನ ಸಂಬಳಕ್ಕಿಂತ ಹೆಚ್ಚು ಹಣ ಕೊಟ್ಟು ಕೂರಿಸಿದ್ದು ಅವರ ರಷ್ಯಾದ ಕ್ಲಬ್ಬು. ಮೂರ್ ತಮ್ಮ ವಿಶ್ರಾಂತಿಯನ್ನು ಯಾರನ್ನೂ ಕೇಳದೆ ತೆಗೆದುಕೊಂಡರು.