ವಜಾ ಆದದ್ದೇ ಪುರಾವೆಯಲ್ಲ

ದೇವಶಾಸ್ತ್ರಜ್ಞ ಎಂ.ಎಂ. ಥಾಮಸ್ ಅವರನ್ನು ಹೊಗಳುವವರೆಲ್ಲ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತಾರೆ. ನಾಗಾಲ್ಯಾಂಡಿನ ರಾಜ್ಯಪಾಲರಾಗಿ ದೆಹಲಿಯನ್ನು ಕೇಳದೆ ವಿಧಾನಸಭೆ ವಿಸರ್ಜಿಸಿದರು, ಹುದ್ದೆ ಕಳೆದುಕೊಂಡರು, ಆದ್ದರಿಂದ ದೊಡ್ಡವರು. ಥಾಮಸ್ ದೊಡ್ಡವರೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ದೆಹಲಿ ಸಿಟ್ಟಾಯಿತು ಎಂಬ ಮಾತ್ರಕ್ಕೆ ಒಂದು ತೀರ್ಮಾನ ಸರಿಯಾಗಿಬಿಡುವುದಿಲ್ಲ.

ಕೇರಳದಲ್ಲಿ 1916ರಲ್ಲಿ ಹುಟ್ಟಿದ್ದು, ತರುಣನಾಗಿದ್ದಾಗ ಮಾರ್ ಥೋಮಾ ಸಭೆಯ ದೀಕ್ಷೆಗೂ ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವಕ್ಕೂ ಅರ್ಜಿ ಹಾಕಿ ಎರಡೂ ಕಡೆ ಬೇಡವೆನಿಸಿಕೊಂಡದ್ದು, 1968ರಿಂದ 1975ರವರೆಗೆ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್‌ನ ಕೇಂದ್ರ ಸಮಿತಿಯ ಅಧ್ಯಕ್ಷತೆ, ಇವೆಲ್ಲ ಬಲ್ಲವರು ಬಲ್ಲದ್ದೇ. ನಮಗೆ ಮುಖ್ಯವಾದದ್ದು ಬೆಂಗಳೂರಿನ ಮಿಲ್ಲರ್ಸ್ ರಸ್ತೆ. ಪಿ.ಡಿ. ದೇವನಂದನ್ 1957ರಲ್ಲಿ ಕಟ್ಟಿದ ಧರ್ಮ ಮತ್ತು ಸಮಾಜ ಅಧ್ಯಯನ ಸಂಸ್ಥೆಯನ್ನು, 1962ರಲ್ಲಿ ಅವರು ತೀರಿಕೊಂಡ ಮೇಲೆ ಥಾಮಸ್ ಅಲ್ಲೇ ನಡೆಸಿದರು. ಲ್ಯಾಟಿನ್ ಅಮೆರಿಕದ ವಿಮೋಚನಾ ದೇವಶಾಸ್ತ್ರವನ್ನು ಭಕ್ತಿಯಿಂದ ಉದ್ಧರಿಸುವ ನಮ್ಮ ಪ್ರಗತಿಪರ ವಿಮರ್ಶಕರು, ತಮ್ಮ ರಾಜಧಾನಿಯಲ್ಲೇ ಕೂತು ಬಿಡುಗಡೆಗೂ ಮಾನವೀಕರಣಕ್ಕೂ ಇರುವ ನಂಟನ್ನು ಬರೆಯುತ್ತಿದ್ದ ಈ ಮನುಷ್ಯನ ಕಡೆ ತಿರುಗಿ ನೋಡಲಿಲ್ಲ. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಚರ್ಚಿನವರು ಅವರನ್ನು ಚರ್ಚಿನೊಳಗೇ ಇಟ್ಟುಕೊಂಡರು, ನಮ್ಮವರು ಅವರು ಚರ್ಚಿನವರೆಂದು ಬಿಟ್ಟರು. ತಪ್ಪು ಎರಡು ಕಡೆಯದೂ.

1969ರಲ್ಲಿ ಬಂದ 'ದಿ ಅಕ್ನಾಲೆಡ್ಜ್ಡ್ ಕ್ರೈಸ್ಟ್ ಆಫ್ ದಿ ಇಂಡಿಯನ್ ರಿನೈಸಾನ್ಸ್' ಅವರ ಹೆಸರು ನಿಲ್ಲಿಸಿದ ಪುಸ್ತಕ. ಶೀರ್ಷಿಕೆಯಲ್ಲೇ ರೈಮನ್ ಪಣಿಕ್ಕರ್ ಅವರ ಪುಸ್ತಕಕ್ಕೆ ಉತ್ತರವಿದೆ. ಹಿಂದೂ ಧರ್ಮದಲ್ಲಿ ಅಡಗಿರುವ, ಯಾರೂ ಅರಿಯದ ಕ್ರಿಸ್ತನನ್ನು ಪಣಿಕ್ಕರ್ ಹುಡುಕಿದರೆ, ಈ ದೇಶದವರು ಬಾಯಿಬಿಟ್ಟು ಒಪ್ಪಿಕೊಂಡ ಕ್ರಿಸ್ತನನ್ನು ಥಾಮಸ್ ಹುಡುಕಿದರು. ರಾಮಮೋಹನ ರಾಯರು ಯೇಸುವಿನ ನೀತಿಬೋಧೆಯನ್ನು ಮಾತ್ರ ಎತ್ತಿಕೊಂಡಾಗ ಸೆರಾಂಪುರದ ಮಿಷನರಿ ಮಾರ್ಷ್‌ಮನ್ ತಕರಾರು ತೆಗೆದರು. ಥಾಮಸ್ ಇಬ್ಬರಿಗೂ ಪೂರ್ತಿ ಮಾತಾಡಲು ಬಿಡುತ್ತಾರೆ, ಆಮೇಲಷ್ಟೇ ತಾವು ಬಾಯಿ ತೆರೆಯುತ್ತಾರೆ. ಎದುರಾಳಿಗೆ ಇಷ್ಟು ಜಾಗ ಕೊಡುವ ಪದ್ಧತಿ ನಮ್ಮ ವಾಗ್ವಾದಗಳಲ್ಲಿ ಅಪರೂಪ.

ಆದರೆ ಯಾರಿಗೆ ಜಾಗ? ರಾಯರು, ಕೇಶವಚಂದ್ರ ಸೇನ್, ವಿವೇಕಾನಂದ, ರಾಧಾಕೃಷ್ಣನ್, ಗಾಂಧಿ. ಎಲ್ಲರೂ ಮುಂದಾಳುಗಳು, ಬರೆದು ಮಾತಾಡಿ ಗೆದ್ದವರು. ಊರಾಚೆಯ ಕೇರಿಗಳಲ್ಲಿ ಹಿಂಡುಹಿಂಡಾಗಿ ಕ್ರಿಸ್ತನನ್ನು ಒಪ್ಪಿಕೊಂಡ ದಲಿತರು ಇಲ್ಲಿ ಸಾಕ್ಷಿಗಳಾಗಿ ಬರುವುದಿಲ್ಲ. ಒಪ್ಪಿಕೊಂಡವರ ಲೆಕ್ಕ ಹಿಡಿಯುವುದಾದರೆ ಮೊದಲು ಕೇಳಬೇಕಾದದ್ದು ಅವರನ್ನೇ ಅಲ್ಲವೇ? 1980ರ ದಶಕದ ಆರಂಭದಲ್ಲಿ ಅದೇ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ದಲಿತ ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ ಭಾರತೀಯ ದೇವಶಾಸ್ತ್ರದ ಮೇಲ್ಜಾತಿ ಒಲವನ್ನು ಪ್ರಶ್ನಿಸಿದಾಗ, ಆ ಪ್ರಶ್ನೆ ಈ ಪುಸ್ತಕಕ್ಕೂ ತಾಗಿತು. ಥಾಮಸರ ಅಭಿಮಾನಿಗಳು ಇದನ್ನು ಕಾಲದ ಮಿತಿ ಎನ್ನುತ್ತಾರೆ. ನನ್ನ ಪ್ರಕಾರ ಅದು ಅವರ ಕಿವಿಯ ಮಿತಿ. ಅದೇ ಕಿವಿ ಮುಂದೆ ಕೊಹಿಮಾದ ರಾಜಭವನಕ್ಕೂ ಹೋಯಿತು.

1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ ಅವರನ್ನು ನಾಗಾಲ್ಯಾಂಡಿಗೆ ಕಳಿಸಿತು. 1992ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ವಾಮುಜೊ ವಿಧಾನಸಭೆ ವಿಸರ್ಜಿಸಲು ಸಲಹೆ ಕೊಟ್ಟರು, ಥಾಮಸ್ ಒಪ್ಪಿದರು. ನರಸಿಂಹರಾಯರ ಸರ್ಕಾರ ಏಪ್ರಿಲ್ ಆರಂಭದಲ್ಲೇ ರಾಷ್ಟ್ರಪತಿ ಆಳ್ವಿಕೆ ಹೇರಿ, ಅದೇ ತಿಂಗಳು ಅವರನ್ನು ಹುದ್ದೆಯಿಂದ ಇಳಿಸಿತು.

ಈ ತೀರ್ಮಾನವನ್ನು ಕನ್ನಡಿಗರು ಓದಬೇಕಾದದ್ದು ಬೊಮ್ಮಾಯಿ ಪ್ರಕರಣದ ಬೆಳಕಿನಲ್ಲಿ. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದುಕೊಂಡ ಪತ್ರಗಳನ್ನು ನಂಬಿ, ಕರ್ನಾಟಕದ ಮುಖ್ಯಮಂತ್ರಿ ಬೊಮ್ಮಾಯಿ ಬಹುಮತ ಕಳೆದುಕೊಂಡಿದ್ದಾರೆಂದು ರಾಜ್ಯಪಾಲ ವೆಂಕಟಸುಬ್ಬಯ್ಯ ವರದಿ ಕಳಿಸಿದರು. ಮರುದಿನವೇ ಅವರಲ್ಲಿ ಏಳು ಜನ ತಮ್ಮ ಸಹಿಯನ್ನು ತಪ್ಪು ಹೇಳಿ ಪಡೆಯಲಾಯಿತು ಎಂದರು. ಸದನ ಕರೆಯಿರಿ, ಬಹುಮತ ತೋರಿಸುತ್ತೇನೆ ಎಂದ ಬೊಮ್ಮಾಯಿಯವರಿಗೆ ಅವಕಾಶ ಸಿಗಲಿಲ್ಲ. ಅಟ್ಟದ ಮೇಲಿನ ಕಾಯಿಯನ್ನು ಅಲ್ಲಾಡಿಸಿ ಕೊಬ್ಬರಿಯಾಗಿದೆ ಎಂದು ನಮ್ಮ ಹೊನ್ನವಳ್ಳಿಯಲ್ಲೂ ಹೇಳುತ್ತಾರೆ, ಆದರೆ ಸುಲಿದು ಒಡೆಯದೆ ತಿಪಟೂರಿನ ಮಾರುಕಟ್ಟೆಯಲ್ಲಿ ಯಾರೂ ಬೆಲೆ ಕಟ್ಟುವುದಿಲ್ಲ. 1994ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಬಹುಮತದ ತೀರ್ಮಾನ ಸದನದಲ್ಲಿ ಆಗಬೇಕು, ರಾಜಭವನದಲ್ಲಲ್ಲ.

ಅದೇ ತೀರ್ಪು ನಾಗಾಲ್ಯಾಂಡಿನ 1988ರ ರಾಷ್ಟ್ರಪತಿ ಆಳ್ವಿಕೆಯನ್ನೂ ಅಸಿಂಧುವೆಂದಿತು. ಆಗ 60 ಜನರ ಸದನದಲ್ಲಿ 35 ಶಾಸಕರು ನನ್ನ ಜೊತೆಗಿದ್ದಾರೆ ಎಂದು ಹಕ್ಕು ಮಂಡಿಸಿ ಅವಕಾಶ ಸಿಗದೆ ಹೋದವರು ಇದೇ ವಾಮುಜೊ. ಎಣಿಕೆಯ ಹಕ್ಕಿಗಾಗಿ ಕೋರ್ಟಿಗೆ ಹೋದವರು ನಾಲ್ಕೇ ವರ್ಷದಲ್ಲಿ ಎಣಿಕೆಯ ಜಾಗವನ್ನೇ ವಿಸರ್ಜಿಸಿ ಎಂದರು. ಆ ಹೊತ್ತಿಗೆ ಪಕ್ಷಾಂತರದಿಂದ ಅವರ ಕಾಲಡಿಯ ನೆಲ ಕುಸಿಯುತ್ತಿತ್ತು. ಬಹುಮತ ಗಟ್ಟಿಯಿರುವ ಮುಖ್ಯಮಂತ್ರಿ ಕೊಡುವ ಸಲಹೆ ಬೇರೆ, ಸೋರುತ್ತಿರುವ ಬಹುಮತದವರು ಕೊಡುವ ಸಲಹೆ ಬೇರೆ. ಎರಡನೆಯದಕ್ಕೆ ಮೊದಲು ಸದನದ ಮುದ್ರೆ ಬೇಕಿತ್ತು. ಥಾಮಸ್ ಅದನ್ನು ಕೇಳಬೇಕಿತ್ತು.

ಜನರ ಬಳಿಗೇ ಹೋಗಲು ಹೇಳಿದರಲ್ಲ, ಅದಕ್ಕಿಂತ ದೊಡ್ಡ ಸದನ ಯಾವುದು ಎಂದು ಅವರ ಪರ ಮಾತಾಡುವವರು ಕೇಳಬಹುದು. ವಾದ ಹಗುರವಲ್ಲ. ಪಕ್ಷಾಂತರಿಗಳ ಸಂತೆಗಿಂತ ಚುನಾವಣೆ ಮೇಲು. ರಾಜ್ಯಪಾಲನು ಚುನಾಯಿತ ಸಂಪುಟದ ಸಲಹೆಗೆ ಬದ್ಧನೇ ಹೊರತು ಗೃಹ ಸಚಿವಾಲಯದ ಫೋನಿಗಲ್ಲ ಎಂಬಲ್ಲಿ ಥಾಮಸ್ ನಿಂತ ನಿಲುವನ್ನು ನಾನು ಪೂರ್ತಿ ಒಪ್ಪುತ್ತೇನೆ. ವೆಂಕಟಸುಬ್ಬಯ್ಯನವರ ವರದಿಯ ಪಕ್ಕದಲ್ಲಿಟ್ಟರೆ ಅದರ ಎತ್ತರ ತಿಳಿಯುತ್ತದೆ. ಆದರೂ ಚುನಾಯಿತರಾದ 60 ಜನರನ್ನು ದಾಟಿ ಒಬ್ಬ ಮುಂದಾಳುವಿನ ಮಾತಿಗೆ ಓಗೊಟ್ಟದ್ದು, ಕೇರಿಯನ್ನು ದಾಟಿ ರಾಯರಿಗೂ ಸೇನರಿಗೂ ಕಿವಿಗೊಟ್ಟ ಪುಸ್ತಕದ ಅಭ್ಯಾಸವೇ. ಮುಂದೆ 1993ರ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದು ಎಸ್.ಸಿ. ಜಮೀರ್ ಮುಖ್ಯಮಂತ್ರಿಯಾದರು. ಆ ಫಲಿತಾಂಶದಿಂದ ಥಾಮಸರನ್ನು ಅಳೆಯುವುದು, ವಜಾ ಆದದ್ದರಿಂದ ಅಳೆದಷ್ಟೇ ತಪ್ಪು.

ಅವರನ್ನು ಕನ್ನಡಕ್ಕೆ ತರುವವರು ಆ ಪ್ರಸಿದ್ಧ ಪುಸ್ತಕದಿಂದ ಶುರುಮಾಡುವುದು ಬೇಡ. 1975ರ ಜುಲೈಯಿಂದ 1977ರ ಫೆಬ್ರುವರಿವರೆಗೆ ತುರ್ತುಪರಿಸ್ಥಿತಿಯ ನಡುವೆಯೇ ಬರೆದ ಲೇಖನಗಳು 'ರೆಸ್ಪಾನ್ಸ್ ಟು ಟಿರನಿ'ಯಲ್ಲಿವೆ. ಅಧಿಕಾರದ ಮುಂದೆ ನಿಂತ ದೇವಶಾಸ್ತ್ರಜ್ಞ ಅಲ್ಲಿ ಯಾವ ಸರ್ಕಾರಿ ಹುದ್ದೆಯ ಕವಚವೂ ಇಲ್ಲದೆ ಸಿಗುತ್ತಾರೆ. ಅದನ್ನು ಮೊದಲು ಅನುವಾದಿಸಲಿ, ಕೊಹಿಮಾದ ವಿಸರ್ಜನೆಯ ಬಗ್ಗೆ ಒಂದು ಕಟುವಾದ ಮುನ್ನುಡಿಯೂ ಅದಕ್ಕಿರಲಿ.